ಗಾಯ ಮಾಸದ ಕರುಣೆ

ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ನಾವು ಆಡುವ ಮಾತುಗಳನ್ನೆಲ್ಲ ಯಾರಾದರೂ ಬರೆದಿಟ್ಟರೆ ಅದೊಂದು ವಿಚಿತ್ರವಾದ ಧರ್ಮೋಪದೇಶವಾದೀತು. "ಎಲ್ಲವೂ ದೇವರ ಚಿತ್ತ" ಎಂದು ಒಬ್ಬರು ಹೇಳುತ್ತಾರೆ. "ದೇವರು ತಾವು ಪ್ರೀತಿಸುವವರನ್ನೇ ಹೆಚ್ಚು ಪರೀಕ್ಷಿಸುತ್ತಾರೆ" ಎಂದು ಇನ್ನೊಬ್ಬರು. "ವಿಶ್ವಾಸವಿಡಿ, ಇಂಥದೇ ರೋಗವಿದ್ದ ನಮ್ಮ ನೆಂಟರೊಬ್ಬರು ವೇಳಾಂಗಣ್ಣಿಗೆ ಹರಕೆ ಹೊತ್ತು ಗುಣವಾದರು" ಎಂದು ಮೂರನೆಯವರು. ಹಾಸಿಗೆಯಲ್ಲಿರುವವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ; ಬಂದವರಿಗೆ ಬೇಸರವಾಗಬಾರದಲ್ಲ! ಆಮೇಲೆ ಜಗಲಿಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ದನಿ ತಗ್ಗುತ್ತದೆ. "ಅಪ್ಪ ಮಾಡಿದ್ದನ್ನು ಮಕ್ಕಳು ಉಣ್ಣಬೇಕಲ್ಲ", "ಅವರವರ ಕರ್ಮ", "ಹಣೆಯಲ್ಲಿ ಬರೆದದ್ದು ತಪ್ಪೀತೇ" ಎಂಬ ಮಾತುಗಳು ಹೊರಡುತ್ತವೆ. ಹಿಂದಿನ ಭಾನುವಾರವಷ್ಟೇ ಪರಮಪ್ರಸಾದ ಸ್ವೀಕರಿಸಿದ ನಾಲಿಗೆಗಳೇ ಇವು.

ಈ ಪದಗಳ ಮೇಲೆ ನನಗೆ ಮುನಿಸಿಲ್ಲ. 'ಕರ್ಮ' ಎಂಬ ಮಾತಿನ ಹಿಂದೆ ಒಂದು ದೊಡ್ಡ ತತ್ತ್ವಚಿಂತನೆಯ ಪರಂಪರೆ ಇದೆಯೆಂಬುದು, ಮೂವತ್ತೊಂದು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ತಿಳಿಯದ ಸಂಗತಿಯೇನಲ್ಲ. ಅದನ್ನು ಆಳವಾಗಿ ಓದಿದವರು ಯಾರೂ ಮತ್ತೊಬ್ಬರ ಕ್ಯಾನ್ಸರನ್ನು ಅಳೆಯುವ ತಕ್ಕಡಿಯಾಗಿ ಅದನ್ನು ಬಳಸಲಾರರು. ನಾವು ಜಗಲಿಯಲ್ಲಿ ಆಡುವುದು ಆ ಪರಂಪರೆಯ ಮಾತೂ ಅಲ್ಲ, ಶುಭಸಂದೇಶದ ಮಾತೂ ಅಲ್ಲ. ನಮ್ಮ ಭಯದ ಮಾತು. ನೋವಿಗೊಂದು ಕಾರಣ ಸಿಕ್ಕಿಬಿಟ್ಟರೆ ಅದು ನಮ್ಮ ಮನೆಯ ಬಾಗಿಲಿಗೆ ಬಾರದೆಂಬ ಧೈರ್ಯ ನಮಗೆ. ಅವರೇನೋ ತಪ್ಪು ಮಾಡಿದ್ದಾರೆ, ನಾವು ಮಾಡಿಲ್ಲ. ಆದ್ದರಿಂದ ನಾವು ಕ್ಷೇಮ.

ಪ್ರಭು ಯೇಸು ಈ ಲೆಕ್ಕಾಚಾರವನ್ನು ಎರಡು ಬಾರಿ ಬಹಿರಂಗವಾಗಿಯೇ ತಳ್ಳಿಹಾಕಿದ್ದಾರೆ. ಹುಟ್ಟುಗುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವರಾರು, ಇವನೋ ಇವನ ಹೆತ್ತವರೋ ಎಂದು ಕೇಳಿದಾಗ ಇಬ್ಬರೂ ಅಲ್ಲವೆಂದು ನೇರವಾಗಿ ನುಡಿದರು. ಇದು ಯೊವಾನ್ನನ ಒಂಬತ್ತನೆಯ ಅಧ್ಯಾಯದಲ್ಲಿದೆ. ಲೂಕನ ಹದಿಮೂರನೆಯ ಅಧ್ಯಾಯದಲ್ಲಿ ಸಿಲೊವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿಯ ಪ್ರಸ್ತಾಪ ಬರುತ್ತದೆ. ಅವರು ಜೆರುಸಲೇಮಿನ ಉಳಿದೆಲ್ಲರಿಗಿಂತ ಹೆಚ್ಚು ತಪ್ಪಿತಸ್ಥರೆಂದು ಭಾವಿಸಬೇಡಿ ಎಂದು ಎಚ್ಚರಿಸಿದವರು ಯೇಸುವೇ. ಅದಕ್ಕೂ ಬಹು ಹಿಂದೆ ಯೋಬನ ಗ್ರಂಥ ಇದೇ ವಿಷಯಕ್ಕೆ ನಲವತ್ತೆರಡು ಅಧ್ಯಾಯಗಳನ್ನು ಮೀಸಲಿಟ್ಟಿತ್ತು. ಯೋಬನ ಮೂವರು ಗೆಳೆಯರು ಏಳು ಹಗಲು ಏಳು ಇರುಳು ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರಂತೆ. ಅಲ್ಲಿಯವರೆಗೆ ಅವರು ನಿಜವಾದ ಗೆಳೆಯರೇ. ಬಾಯಿ ತೆರೆದ ಮೇಲೆ ಕೆಟ್ಟರು. ದೇವರ ಪರವಾಗಿ ವಕಾಲತ್ತು ವಹಿಸಿದ ಆ ಮೂವರ ಮೇಲೆಯೇ ಕೊನೆಗೆ ದೇವರು ಸಿಟ್ಟಾಗುತ್ತಾರೆ. ಗೊಣಗಿದ, ಕೂಗಾಡಿದ, ತಾನು ಹುಟ್ಟಿದ ದಿನವನ್ನೇ ಶಪಿಸಿದ ಯೋಬನು ತಮ್ಮ ವಿಷಯವಾಗಿ ಸರಿಯಾದುದನ್ನು ಮಾತಾಡಿದನೆನ್ನುತ್ತಾರೆ. ಇಷ್ಟೆಲ್ಲ ನಮ್ಮ ಪವಿತ್ರ ಗ್ರಂಥದಲ್ಲೇ ಇದ್ದೂ ಜಗಲಿಯ ಮಾತು ಬದಲಾಗಿಲ್ಲ.

ಅದು ಎಷ್ಟು ಘಾಸಿ ಮಾಡಬಲ್ಲದೆಂಬುದನ್ನು ನಾನು ನನ್ನ ಮನೆಯಲ್ಲೇ ನೋಡಿದೆ. 2011ರ ತಪಸ್ಸುಕಾಲದಲ್ಲಿ ನನ್ನ ಕಿರಿಯ ತಂಗಿಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗ ಅವಳಿಗೆ ನಲವತ್ತಮೂರು ವರ್ಷ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬಳೇ ಮಗಳು ಏಳನೆಯ ತರಗತಿ ಮುಗಿಸುತ್ತಿದ್ದಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ವಿಕಿರಣ ಚಿಕಿತ್ಸೆ ಎಲ್ಲವೂ ಆದವು. ನಡುವೆ ಯಾರದೋ ಒತ್ತಾಯಕ್ಕೆ ಒಂದು ಪ್ರಾರ್ಥನಾಕೂಟಕ್ಕೆ ಹೋಗಿ ಬಂದಳು. ಅಲ್ಲಿ ಬೋಧಿಸುತ್ತಿದ್ದವರೊಬ್ಬರು ಅವಳ ತಲೆಯ ಮೇಲೆ ಕೈಯಿಟ್ಟು, ಒಳಗೆ ಯಾವುದೋ ಅರಿಕೆ ಮಾಡದ ಪಾಪವಿದೆ, ಅದು ಹೊರಬರುವ ತನಕ ರೋಗ ಹೋಗದು ಎಂದರಂತೆ. ಮನೆಗೆ ಬಂದವಳು ರಾತ್ರಿಯಿಡೀ ಕುಳಿತು ಬಾಲ್ಯದಿಂದ ಮೊದಲ್ಗೊಂಡು ಪಟ್ಟಿ ಮಾಡಿದಳು. ಅಮ್ಮನ ಡಬ್ಬಿಯಿಂದ ಕದ್ದ ನಾಲ್ಕಾಣೆ, ಅತ್ತೆಯ ಮೇಲಿನ ಸಿಟ್ಟು, ಗಂಡನ ಕಾಯಿಲೆಯಲ್ಲಿ ಒಂದು ದಿನ ಬೇಸತ್ತು ಆಡಿದ ಮಾತು. ಆರು ವಾರಗಳಲ್ಲಿ ಐದು ಬಾರಿ ಪಾಪನಿವೇದನೆ ಮಾಡಿದಳು. ರೋಗ ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಈಗ ಅವಳಿಗೆ ಎರಡು ನೋವು, ಒಂದು ದೇಹದ್ದು, ಇನ್ನೊಂದು ದೇವರು ತನ್ನನ್ನು ಕ್ಷಮಿಸಿಲ್ಲವೆಂಬುದು. ಎರಡನೆಯದಕ್ಕೆ ಯಾವ ಗುಳಿಗೆಯೂ ಇರಲಿಲ್ಲ.

ಐದನೆಯ ಸಲ ಅವಳಿಗೆ ಸಿಕ್ಕಿದ್ದು ನಮ್ಮ ಧರ್ಮಕೇಂದ್ರದಲ್ಲಿ ಕೆಲ ದಿನ ತಂಗಿದ್ದ ಒಬ್ಬ ವಯೋವೃದ್ಧ ಗುರುಗಳು. ಪಾಪನಿವೇದನೆಯ ಗುಟ್ಟನ್ನು ಅವರು ಯಾರಿಗೂ ಹೇಳುವಂತಿಲ್ಲ. ಇದನ್ನು ನನಗೆ ಹೇಳಿದವಳು ಅವಳೇ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಮಗಳೇ, ಇವೆಲ್ಲ ಎಂದೋ ಕ್ಷಮಿಸಲ್ಪಟ್ಟಿವೆ. ಕ್ಷಮಿಸಿದ್ದನ್ನು ಮತ್ತೆ ಮತ್ತೆ ದೇವರ ಮುಂದೆ ಹರವುವುದು ಅವರ ಮಾತನ್ನು ನಂಬದಿದ್ದಂತೆ" ಎಂದರಂತೆ. ಪ್ರಾಯಶ್ಚಿತ್ತವಾಗಿ ಅವರು ವಿಧಿಸಿದ್ದು ಜಪಸರವನ್ನಲ್ಲ, ಎಂಬತ್ತೆಂಟನೆಯ ಕೀರ್ತನೆಯನ್ನು ಓದುವುದು. "ಕೊನೆಯಲ್ಲಿ ಸಮಾಧಾನದ ಸಾಲು ಸಿಗುತ್ತದೆಂದು ಕಾಯಬೇಡ. ಅಲ್ಲಿ ಇಲ್ಲ" ಎಂದೂ ಎಚ್ಚರಿಸಿದರು.

ಕೀರ್ತನೆಗಳಲ್ಲಿ ದೂರುಗಳು ಬಹಳ. ಆದರೆ ಹೆಚ್ಚಿನವು ಕಡೆಯಲ್ಲಿ ಸ್ತುತಿಗೆ ತಿರುಗುತ್ತವೆ. ಶಿಲುಬೆಯ ಮೇಲೆ ಯೇಸು ಕೂಗಿ ಹೇಳಿದ ಇಪ್ಪತ್ತೆರಡನೆಯ ಕೀರ್ತನೆಯೂ ಹಾಗೆಯೇ; ಕೈಬಿಡಲ್ಪಟ್ಟವನ ಚೀತ್ಕಾರದಿಂದ ತೊಡಗಿ ದೇವರ ಮಹಾಸಭೆಯ ನಡುವಿನ ಹೊಗಳಿಕೆಗೆ ಬಂದು ನಿಲ್ಲುತ್ತದೆ. ಎಂಬತ್ತೆಂಟು ಹಾಗಲ್ಲ. ಗೆಳೆಯರು ದೂರವಾಗಿ, ಹಗಲೂ ಇರುಳೂ ಮೊರೆಯಿಟ್ಟು ಉತ್ತರ ಸಿಗದೆ, ಕೊನೆಗೆ ಕತ್ತಲೆಯೊಂದೇ ಜೊತೆಯಲ್ಲಿ ಉಳಿಯುವಲ್ಲಿ ಅದು ಮುಗಿದುಹೋಗುತ್ತದೆ. ಇಂಥ ಪ್ರಾರ್ಥನೆಯನ್ನು ಧರ್ಮಸಭೆ ಮುಚ್ಚಿಡಲಿಲ್ಲ. ಪ್ರತಿ ಶುಕ್ರವಾರ ರಾತ್ರಿ, ನಿದ್ರೆಗೆ ಮುನ್ನ ಹೇಳುವ ಪ್ರಾರ್ಥನಾವಿಧಿಯಲ್ಲಿ, ಲೋಕದಾದ್ಯಂತದ ಗುರುಗಳ ಹಾಗೂ ಧರ್ಮಭಗಿನಿಯರ ಬಾಯಿಗೆ ಇದನ್ನೇ ಇಟ್ಟಿದೆ. ಆ ದಿನ ಅವರಿಗೆ ಸ್ವಂತದ ದುಃಖವಿಲ್ಲದಿರಬಹುದು. ಯಾರ ಬಾಯಲ್ಲಿ ಮಾತೇ ಹೊರಡದೋ ಅವರ ಪರವಾಗಿ ಹೇಳುತ್ತಾರೆ. ನನ್ನ ತಂಗಿಗೆ ಇದನ್ನು ತಿಳಿಸಿದಾಗ, "ಹಾಗಾದರೆ ಶುಕ್ರವಾರ ರಾತ್ರಿ ನನ್ನ ಸರದಿ" ಎಂದು ನಕ್ಕಳು. ವಾರಗಳ ಬಳಿಕ ಅವಳು ನಕ್ಕದ್ದು ಅಂದು.

ಅವಳ ಮಂಚದ ಎದುರು ಗೋಡೆಯಲ್ಲಿ ದೈವಕರುಣೆಯ ಯೇಸುವಿನ ಪಟವಿತ್ತು. ನಮ್ಮ ಕಥೋಲಿಕ ಮನೆಗಳಲ್ಲಿ ಅದಿಲ್ಲದ ಮನೆ ಈಗ ಅಪರೂಪ. ಎದೆಯಿಂದ ಹೊಮ್ಮುವ ಕೆಂಪು ಮತ್ತು ಬಿಳಿ ಕಿರಣಗಳು, ಹರಸಲು ಎತ್ತಿದ ಕೈ, ಕೆಳಗೆ ಯೇಸುವಿನಲ್ಲಿ ಭರವಸೆಯಿಟ್ಟಿರುವುದಾಗಿ ಸಾರುವ ಬರಹ. ಒಂದು ಮಧ್ಯಾಹ್ನ ಅವಳು ತಟ್ಟನೆ ಕೇಳಿದಳು: "ಅಣ್ಣ, ಈ ಪಟವನ್ನು ದರ್ಶನದಲ್ಲಿ ಕಂಡ ಕನ್ಯಾಸ್ತ್ರೀಗೂ ಕಾಯಿಲೆ ಇತ್ತಂತಲ್ಲ. ಅವಳಿಗೆ ವಾಸಿಯಾಯಿತೇ?"

ವಾಸಿಯಾಗಲಿಲ್ಲ. ನಾನು ಅವಳಿಗೆ ಆ ಕಥೆಯನ್ನು ಹೇಳಿದೆ. ಓದುಗರಿಗೂ ಹೇಳುತ್ತೇನೆ, ಏಕೆಂದರೆ ಪಟವನ್ನು ಬಲ್ಲಷ್ಟು ಜನ ಆ ಸ್ತ್ರೀಯನ್ನು ಬಲ್ಲವರಲ್ಲ.

ಹೆಲೆನಾ ಕೊವಾಲ್ಸ್ಕಾ 1905ರ ಆಗಸ್ಟ್ 25ರಂದು ಪೋಲೆಂಡಿನ ಒಂದು ಹಳ್ಳಿಯಲ್ಲಿ ಬಡ ರೈತ ಕುಟುಂಬದ ಹತ್ತು ಮಕ್ಕಳಲ್ಲಿ ಮೂರನೆಯವಳಾಗಿ ಹುಟ್ಟಿದಳು. ಶಾಲೆಗೆ ಹೋದದ್ದು ಮೂರು ವರ್ಷವೂ ತುಂಬಲಿಲ್ಲ. ಹದಿಹರೆಯದಲ್ಲೇ ಪರರ ಮನೆಗೆಲಸಕ್ಕೆ ಸೇರಿದಳು. 1925ರಲ್ಲಿ ವಾರ್ಸಾದ ಕರುಣಾಮಾತೆಯ ಸೋದರಿಯರ ಸಭೆಗೆ ಸೇರಿ ಫೌಸ್ತೀನಾ ಎಂಬ ಹೆಸರು ಪಡೆದಳು. ಅಲ್ಲಿಯೂ ಆಕೆಯದು ಅಡುಗೆಮನೆ, ತೋಟ, ಹೆಬ್ಬಾಗಿಲ ಕಾವಲು. 1931ರ ಫೆಬ್ರವರಿ 22ರಂದು, ತನ್ನ ಚಿಕ್ಕ ಕೋಣೆಯಲ್ಲಿ ಆಕೆ ಆ ದರ್ಶನವನ್ನು ಕಂಡಳು. ಆಮೇಲಿನ ವರ್ಷಗಳು ಸುಗಮವಾಗಿರಲಿಲ್ಲ. ಆಕೆಯ ಆತ್ಮಗುರುಗಳಾಗಿದ್ದ ಫಾದರ್ ಮಿಖಾಯೆಲ್ ಸೊಪೊಚ್ಕೊ ಮೊದಲು ವೈದ್ಯರಿಂದ ಆಕೆಯ ಮಾನಸಿಕ ಸ್ವಾಸ್ಥ್ಯವನ್ನು ಪರೀಕ್ಷೆ ಮಾಡಿಸಿದರು. ಆಮೇಲೆಯೇ ಅವಳ ಮಾತಿಗೆ ಕಿವಿಗೊಟ್ಟರು. (ಧರ್ಮಸಭೆಯ ಈ ಎಚ್ಚರ ನನಗೆ ಬಹಳ ಹಿಡಿಸುತ್ತದೆ. ದರ್ಶನ ಕಂಡೆನೆಂದವರ ಹಿಂದೆಲ್ಲ ಓಡುವ ನಮ್ಮ ಜನ ಇದನ್ನು ಗಮನಿಸಬೇಕು.) 1934ರಲ್ಲಿ ವಿಲ್ನಿಯಸ್ ನಗರದ ಚಿತ್ರಕಾರನೊಬ್ಬ ಆಕೆ ಹೇಳಿದಂತೆ ಮೊದಲ ಪಟವನ್ನು ಬರೆದ. ಅದನ್ನು ನೋಡಿ, ಪ್ರಭುವಿನ ಚೆಲುವು ಇದರಲ್ಲಿಲ್ಲವೆಂದು ಫೌಸ್ತೀನಾ ಅತ್ತಳಂತೆ.

ಆ ಹೊತ್ತಿಗೆ ಕ್ಷಯ ಅವಳನ್ನು ಒಳಗಿನಿಂದ ತಿನ್ನುತ್ತಿತ್ತು. ರೋಗ ಹೊರಗೆ ಕಾಣುವ ಮುನ್ನ ಆಕೆಯ ಬೇನೆಯನ್ನು ನಂಬದ, ಅದನ್ನು ಕೆಲಸಗಳ್ಳತನವೆಂದೇ ಬಗೆದ ಸೋದರಿಯರು ಮಠದಲ್ಲೇ ಇದ್ದರು. ಆಕೆ ದಿನಚರಿಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಕ್ರಾಕೊ ನಗರದ ಕ್ಷಯರೋಗಾಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ, ಪಕ್ಕದ ಕೋಣೆಗಳಲ್ಲಿ ಸಾಯುತ್ತಿದ್ದವರಿಗಾಗಿ ಕರುಣೆಯ ಜಪಸರ ಹೇಳುವುದು ಅವಳ ಕಾಯಕವಾಯಿತು. 1938ರ ಅಕ್ಟೋಬರ್ 5ರಂದು, ಮೂವತ್ತಮೂರನೆಯ ವಯಸ್ಸಿನಲ್ಲಿ, ಲಾಗಿಯೆವ್ನಿಕಿಯ ಮಠದಲ್ಲಿ ತೀರಿಕೊಂಡಳು. ಒಂದು ವರ್ಷ ತುಂಬುವ ಮುನ್ನವೇ ಎರಡನೆಯ ಮಹಾಯುದ್ಧ ಅವಳ ನಾಡಿನ ಮೇಲೆಯೇ ಮೊದಲು ಬಂದೆರಗಿತು. ಸತ್ತ ಮೇಲೂ ಆಕೆಗೆ ನೆಮ್ಮದಿ ಸಿಗಲಿಲ್ಲವೆನ್ನಬೇಕು: ಅವಳ ಬರಹದ ದೋಷಪೂರ್ಣ ಅನುವಾದಗಳಿಂದಾಗಿ 1959ರಲ್ಲಿ ರೋಮ್ ಈ ಭಕ್ತಿಯ ಪ್ರಚಾರಕ್ಕೆ ತಡೆಯೊಡ್ಡಿತು. ಆ ತಡೆ ತೆರವಾದದ್ದು 1978ರ ಏಪ್ರಿಲಿನಲ್ಲಿ. ಅದೇ ಅಕ್ಟೋಬರಿನಲ್ಲಿ ಕ್ರಾಕೊದ ಮಹಾಧರ್ಮಾಧ್ಯಕ್ಷರು ಪೋಪ್ ದ್ವಿತೀಯ ಜಾನ್ ಪಾಲ್ ಆದರು. 2000ದ ಏಪ್ರಿಲ್ 30ರಂದು ಅವರೇ ಆಕೆಯನ್ನು ಸಂತರ ಸಾಲಿಗೆ ಸೇರಿಸಿ, ಪಾಸ್ಕದ ಎರಡನೆಯ ಭಾನುವಾರ ಇನ್ನು ದೈವಕರುಣೆಯ ಭಾನುವಾರವೆಂದು ಸಾರಿದರು.

ಎಲ್ಲವನ್ನೂ ಕೇಳಿಸಿಕೊಂಡ ತಂಗಿ ಬಹಳ ಹೊತ್ತು ಪಟವನ್ನೇ ನೋಡುತ್ತಿದ್ದಳು. "ವಾಸಿಯಾಗದೆ ಸತ್ತಳಲ್ಲ, ಒಳ್ಳೆಯದೇ ಆಯಿತು. ಇಲ್ಲದಿದ್ದರೆ ನಾನು ಅವಳೊಡನೆ ಮಾತಾಡುವುದು ಹೇಗೆ?" ಎಂದಳು.

ಈ ಮಾತಿನ ಬೆಲೆ ನನಗೆ ದಿನ ಕಳೆದಂತೆ ಹೆಚ್ಚೆಚ್ಚು ಅರ್ಥವಾಗುತ್ತಿದೆ. ಕರುಣೆಯೆಂದರೆ ರೋಗ ಹೋಗುವುದು, ಸಾಲ ತೀರುವುದು, ಮಗನಿಗೆ ಕೆಲಸ ಸಿಗುವುದು ಎಂದಷ್ಟೇ ಬಗೆದರೆ ಫೌಸ್ತೀನಾಳಿಗೆ ದೇವರ ಕರುಣೆ ದೊರಕಲೇ ಇಲ್ಲವೆನ್ನಬೇಕಾಗುತ್ತದೆ. ಗುಣವಾಗಬೇಕೆಂದು ಬೇಡುವುದರಲ್ಲಿ ತಪ್ಪೇನೂ ಇಲ್ಲ. ಯೇಸುಸ್ವಾಮಿ ಕುಷ್ಠರೋಗಿಗಳನ್ನು ಮುಟ್ಟಿ ಗುಣಪಡಿಸಿದರು. ಗೆತ್ಸೆಮನೆಯ ತೋಟದಲ್ಲಿ, ಸಾಧ್ಯವಾದರೆ ಆ ಪಾತ್ರೆ ತಮ್ಮನ್ನು ಬಿಟ್ಟುಹೋಗಲೆಂದು ತಾವೇ ಬೇಡಿಕೊಂಡರು. ಬೇಡಿದ್ದು ಸಿಗದಾಗ ಮಾತ್ರ ನಮ್ಮ ಲೆಕ್ಕ ಕೆಡುತ್ತದೆ. ದೇವರ ಕರುಣೆ ನೋವಿನ ಆಚೆ ದಡದಲ್ಲಿ ಕಾಯುತ್ತಿದೆ, ನಾವು ಈಜಿ ಅಲ್ಲಿಗೆ ಸೇರಬೇಕು ಎಂದು ನಾವು ತಿಳಿಯುತ್ತೇವೆ. ಫೌಸ್ತೀನಾಳ ಬದುಕು ಹೇಳುವುದು ಬೇರೆ. ಕರುಣೆ ಈ ದಡದಲ್ಲೇ, ಕೆಮ್ಮಿನ, ರಕ್ತದ, ನಿದ್ದೆಯಿಲ್ಲದ ರಾತ್ರಿಗಳ ನಡುವೆಯೇ ಅವಳನ್ನು ಕಂಡಿತು.

ಮಾನವ ಸಂಕಟದ ಕ್ರೈಸ್ತ ಅರ್ಥವನ್ನು ಕುರಿತು ಪೋಪ್ ದ್ವಿತೀಯ ಜಾನ್ ಪಾಲ್ ಒಂದು ಪ್ರೇಷಿತ ಪತ್ರವನ್ನು ಬರೆದಿದ್ದಾರೆ. 'ಸಾಲ್ವಿಫಿಚಿ ದೊಲೋರಿಸ್' ಎಂದು ಅದರ ಹೆಸರು. ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11ರಂದು, 1984ರಲ್ಲಿ ಪ್ರಕಟವಾಯಿತು. ಅದಕ್ಕೆ ಆರು ವಾರ ಮುಂಚೆಯಷ್ಟೇ, 1983ರ ಡಿಸೆಂಬರ್ 27ರಂದು, ಅವರು ರೋಮಿನ ಸೆರೆಮನೆಗೆ ಹೋಗಿ, 1981ರ ಮೇ 13ರಂದು ತಮ್ಮ ಮೇಲೆ ಗುಂಡು ಹಾರಿಸಿದ್ದ ಮೆಹ್ಮೆತ್ ಅಲಿ ಅಗ್ಜಾನ ಎದುರು ಕುಳಿತು ಮಾತನಾಡಿ ಬಂದಿದ್ದರು. ಹೊಟ್ಟೆಯಲ್ಲಿ ಗುಂಡಿನ ಗಾಯದ ಗುರುತನ್ನು ಹೊತ್ತವರು ಬರೆದ ಪತ್ರವದು ಎಂಬುದನ್ನು ಮರೆತು ಅದನ್ನು ಓದಬಾರದು. ಎಲ್ಲ ನೋವೂ ಪಾಪದ ಶಿಕ್ಷೆಯೆಂಬ ಮಾತನ್ನು ಅವರು ಯೋಬನನ್ನು ಮುಂದಿಟ್ಟುಕೊಂಡು ನಿರಾಕರಿಸುತ್ತಾರೆ. 'ಏಕೆ' ಎಂಬ ಪ್ರಶ್ನೆಯನ್ನು ದೇವರ ಮುಂದಿಡುವ ಹಕ್ಕು ನೊಂದವನಿಗೆ ಇದೆಯೆಂದು ಒಪ್ಪುತ್ತಾರೆ. ಕ್ರಿಸ್ತನು ಆ ಪ್ರಶ್ನೆಗೆ ವಾದದ ರೂಪದಲ್ಲಿ ಉತ್ತರ ಕೊಡುವುದಿಲ್ಲ; ತಾನೂ ಶಿಲುಬೆಯ ಮೇಲಿದ್ದು ಅಲ್ಲಿಂದಲೇ ಮಾತಾಡುತ್ತಾನೆ; ಆ ಉತ್ತರ ಕೇಳಿಸಲು ಸಮಯ, ಕೆಲವೊಮ್ಮೆ ಬಹಳ ಸಮಯ ಹಿಡಿಯುತ್ತದೆ ಎನ್ನುವುದು ಅವರ ವಿವರಣೆ. ಪತ್ರದ ಕೊನೆಯ ಭಾಗ ಸದಯ ಸಮಾರಿಯನ ಸಾಮತಿಯ ಧ್ಯಾನ. ನೋವು ನಮ್ಮ ಮುಂದೆ ಇರುವುದೇ ನಮ್ಮೊಳಗಿನ ಪ್ರೀತಿಯನ್ನು ಹೊರಗೆಳೆಯಲು. ಅದನ್ನು ಕಂಡು ಪಕ್ಕಕ್ಕೆ ಸರಿದು ಹೋಗುವಂತಿಲ್ಲ.

ಒಂದು ವಿಷಯವನ್ನು ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕೆನಿಸುತ್ತದೆ. ನಮ್ಮ ನೋವನ್ನು ಕ್ರಿಸ್ತನ ನೋವಿನೊಂದಿಗೆ ಸೇರಿಸಿ ಒಪ್ಪಿಸುವುದು ಕಥೋಲಿಕ ಭಕ್ತಿಯ ಒಂದು ಅಮೂಲ್ಯ ನಿಧಿ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲೇ ಅದರ ಬೇರಿದೆ. ಆದರೆ ಅದು ನೊಂದವರು ತಾವಾಗಿ ಎತ್ತಿಕೊಳ್ಳುವ ಕಾಣಿಕೆಯೇ ಹೊರತು, ಆರೋಗ್ಯವಂತರು ಅವರ ಕೈಗೆ ತುರುಕುವ ಹೊರೆಯಲ್ಲ. ಕಾಫಿ ಲೋಟ ಕೈಯಲ್ಲಿ ಹಿಡಿದು, "ಒಪ್ಪಿಸಿಬಿಡಮ್ಮಾ" ಎಂದು ಹೇಳುವುದು ಬಹಳ ಸುಲಭ.

ನೋವು ತಡೆಯಲಾರದಂತಾದಾಗ ವೈದ್ಯರು ಮಾರ್ಫಿನ್ ಕೊಡಬೇಕೆಂದರು. ತಂಗಿ ಒಪ್ಪಲಿಲ್ಲ. ಶಿಲುಬೆಯ ಬಳಿ ಯೇಸುವಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಕೊಟ್ಟಾಗ ಅವರು ಅದನ್ನು ಸ್ವೀಕರಿಸಲಿಲ್ಲ ಎಂದು ಮಾರ್ಕನು ಬರೆದಿದ್ದಾನಲ್ಲ, ತಾನು ಹೇಗೆ ಸ್ವೀಕರಿಸಲಿ ಎಂಬುದು ಅವಳ ವಾದ. ಓದಿದ ಹುಡುಗಿ, ಅವಳೊಡನೆ ವಾದಿಸುವುದು ಸುಲಭವಿರಲಿಲ್ಲ. ಮತ್ತೆ ಅದೇ ವೃದ್ಧ ಗುರುಗಳು ಬಂದರು. "ಆ ಪಾನೀಯವನ್ನು ಕೊಟ್ಟದ್ದು ಪಾಪವೆಂದು ಯೇಸು ಹೇಳಿದರೇನು? ಅವರು ಬೇಡವೆಂದದ್ದನ್ನು ಧರ್ಮಸಭೆ ಯಾರ ಮೇಲೂ ಕಾನೂನಾಗಿ ಹೇರಿಲ್ಲ" ಎಂದರು. 1957ರ ಫೆಬ್ರವರಿಯಲ್ಲಿ ಪೋಪ್ ಹನ್ನೆರಡನೆಯ ಪಯಸ್ಸರು ಅರಿವಳಿಕೆ ತಜ್ಞರಿಗೆ ಇದೇ ಪ್ರಶ್ನೆಗೆ ಉತ್ತರ ಕೊಟ್ಟದ್ದನ್ನು ಅವರು ವಿವರಿಸಿದರು: ಕ್ರೈಸ್ತರು ನೋವನ್ನು ಹಾಗೆಯೇ ಸಹಿಸಬೇಕೆಂಬ ಕಟ್ಟುಪಾಡು ಇಲ್ಲ, ಬೇರೆ ದಾರಿಯಿಲ್ಲದಿರುವಾಗ, ಉದ್ದೇಶ ನೋವಿನ ಶಮನವೇ ಆಗಿದ್ದರೆ, ಔಷಧದಿಂದ ಆಯುಷ್ಯ ಸ್ವಲ್ಪ ಕುಗ್ಗುವ ಸಂಭವವಿದ್ದರೂ ಕೊಡಬಹುದು. ಇಂದಿನ ಕಥೋಲಿಕ ಧರ್ಮೋಪದೇಶ ಗ್ರಂಥವೂ, ಮರಣವನ್ನು ಬೇಕೆಂದೇ ತರುವುದನ್ನು ನಿಷೇಧಿಸುತ್ತಲೇ, ನೋವು ಶಮನದ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ಒಂದು ವಿಶೇಷ ರೂಪವೆಂದು ಪ್ರೋತ್ಸಾಹಿಸುತ್ತದೆ. ಅಂದು ಸಂಜೆ ಅವಳು ಔಷಧ ತೆಗೆದುಕೊಂಡಳು. ಎರಡು ತಿಂಗಳ ಬಳಿಕ ಮೊದಲ ಬಾರಿಗೆ ಮಗಳ ಜಡೆ ಹೆಣೆದಳು.

ಆ ಜಡೆಯನ್ನು ನಾನು ದೈವಕರುಣೆಯೆಂದೇ ಕರೆಯುತ್ತೇನೆ. ಕರುಣೆ ಆಕಾಶದಿಂದ ಕಿರಣವಾಗಿ ಇಳಿಯುವುದಕ್ಕಿಂತ ಹೆಚ್ಚಾಗಿ ಯಾರದೋ ಕೈಗಳ ಮೂಲಕ ಬರುತ್ತದೆ. ಯೇಸುಸಭೆಯ ಜರ್ಮನ್ ಗುರು ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. ಹತ್ತು ವರ್ಷಗಳ ಬಳಿಕ, ಊರು ಹೊರಗಟ್ಟಿದ ಕುಷ್ಠರೋಗಿಗಳಿಗೊಂದು ಆಶ್ರಯ ಕಟ್ಟಿಸಿದರು. ಕುಷ್ಠಕ್ಕೆ ಅಂದು ಗುಣಪಡಿಸುವ ಮದ್ದೇ ಇರಲಿಲ್ಲ. ಆದರೂ ಹಾಸಿಗೆ, ಗಂಜಿ, ಶುಚಿಯಾದ ಬಟ್ಟೆಪಟ್ಟಿ ಇವನ್ನು ಕೊಡಬಹುದಾಗಿತ್ತು.

ಅಭ್ಯಂಜನದ ಸಂಸ್ಕಾರದ ವಿಷಯದಲ್ಲೂ ನಮ್ಮ ಜನರ ಅಳುಕು ಇನ್ನೂ ಹೋಗಿಲ್ಲ. 'ಅವಸ್ಥೆ' ಎಂದು ಹಿರಿಯರು ಕರೆಯುತ್ತಿದ್ದ ಅದನ್ನು ಉಸಿರು ಸಿಕ್ಕಿಕೊಂಡ ಮೇಲಷ್ಟೇ ಕೊಡಿಸುವುದು ರೂಢಿ. ಗುರುಗಳು ಎಣ್ಣೆಯ ಸಂಪುಟ ಹಿಡಿದು ಬಂದರೆ ನೆರೆಹೊರೆಯವರು ಚಟ್ಟದ ಯೋಚನೆ ಮಾಡುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ ಇದನ್ನು ತಿದ್ದಿ, ಇದು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರವಲ್ಲ, ಗಂಭೀರ ರೋಗದ ಆರಂಭದಲ್ಲೇ ಸ್ವೀಕರಿಸತಕ್ಕ ಸಂಸ್ಕಾರವೆಂದು ಸ್ಪಷ್ಟಪಡಿಸಿ ಅರ್ಧ ಶತಮಾನವೇ ಮೀರಿತು. ನನ್ನ ತಂಗಿ ಅದನ್ನು ಎರಡು ಸಲ ಸ್ವೀಕರಿಸಿದಳು. ಮೊದಲನೆಯ ಸಲ ಎದ್ದು ಕುಳಿತು, ತಾನೇ ಕೈ ಚಾಚಿ.

2012ರ ಮೇ ತಿಂಗಳಲ್ಲಿ ಮಗಳ ಶಾಲೆಯ ಸಮವಸ್ತ್ರಕ್ಕೆ ಬಟ್ಟೆ ತರಿಸಿ, ದರ್ಜಿಯನ್ನು ಮನೆಗೇ ಕರೆಸಿದಳು. "ಒಂದು ಅಳತೆ ದೊಡ್ಡದಾಗಿಯೇ ಹೊಲಿಯಿರಿ, ಮುಂದಿನ ವರ್ಷಕ್ಕೂ ಆಗಬೇಕು" ಎಂದಳು. ಮುಂದಿನ ವರ್ಷ ತಾನಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ವೈದ್ಯರು ಮುಚ್ಚಿಟ್ಟಿರಲಿಲ್ಲ. ಭರವಸೆಯೆಂಬ ದೈವಿಕ ಸದ್ಗುಣದ ಬಗ್ಗೆ ನಾನು ಅನೇಕ ಪ್ರಬೋಧನೆಗಳನ್ನು ಕೇಳಿದ್ದೇನೆ. 2025ನೆಯ ಇಸವಿಯನ್ನು ಧರ್ಮಸಭೆ ಭರವಸೆಯ ಜುಬಿಲಿ ವರ್ಷವಾಗಿ ಆಚರಿಸಿದಾಗಲೂ ಬಹಳ ಓದಿದೆ. ಆದರೆ ಆ ಪದ ಕಿವಿಗೆ ಬಿದ್ದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು, ಮಂಡಿಯಿಂದ ಒಂದು ಗೇಣು ಕೆಳಗೆ ಇಳಿದಿದ್ದ ಆ ನೀಲಿ ಲಂಗ.

ಜುಲೈ ತಿಂಗಳ ಒಂದು ಬೆಳಗಿನ ಜಾವ ಅವಳು ತೀರಿಕೊಂಡಳು. ಕರುಣೆಯ ಗಳಿಗೆಯೆನ್ನುವ ಮಧ್ಯಾಹ್ನದ ಮೂರು ಗಂಟೆ ಅದಾಗಿರಲಿಲ್ಲ. ಮಳೆ ಸುರಿಯುತ್ತಿತ್ತು, ವಿದ್ಯುತ್ ಹೋಗಿತ್ತು. ವಿಶೇಷವಾದದ್ದು ಏನೂ ನಡೆಯಲಿಲ್ಲ. ಹಾಗೇನಾದರೂ ನಡೆಯಿತೇ ಎಂದು ಆಮೇಲೆ ಕೆಲವರು ಕೇಳಿದರು. ಅವಳ ಮುಖ ಹೊಳೆಯುತ್ತಿತ್ತಂತೆ ಎಂದು ಅಲ್ಲಿಲ್ಲದವರು ಹೇಳತೊಡಗಿದರು. ದೀಪವಿಲ್ಲದ ಕೋಣೆಯಲ್ಲಿ ನಾವು ಆರು ಮಂದಿ ಇದ್ದೆವು, ಹೊಳೆದದ್ದು ಮೇಣದಬತ್ತಿ.

ದೈವಕರುಣೆಯ ಭಾನುವಾರದಂದು ಪ್ರತಿವರ್ಷವೂ ಒಂದೇ ಶುಭಸಂದೇಶವನ್ನು ಓದಲಾಗುತ್ತದೆ. ಮುಚ್ಚಿದ ಬಾಗಿಲುಗಳ ಒಳಗೆ ಪುನರುತ್ಥಾನಿ ಯೇಸು ಶಿಷ್ಯರ ನಡುವೆ ಬಂದು ನಿಲ್ಲುವ, ನಂಬದ ತೋಮನಿಗೆ ಎಂಟು ದಿನಗಳ ಬಳಿಕ ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸುವ ಪ್ರಸಂಗ. ಭಾರತಕ್ಕೆ ಬಂದ ಪ್ರೇಷಿತರೆಂದು ನಾವು ಅಭಿಮಾನದಿಂದ ನೆನೆಯುವ ತೋಮರೇ ಅವರು. ಸಾವನ್ನು ಗೆದ್ದ ದೇಹಕ್ಕೆ ಗಾಯಗಳನ್ನು ಅಳಿಸಿಕೊಳ್ಳುವುದು ಅಸಾಧ್ಯವಿತ್ತೇ? ಬಾಗಿಲು ಹಾಕಿದ್ದರೂ ಒಳಬಂದವರಿಗೆ ಮೊಳೆಯ ಗುರುತನ್ನು ಮಾಯಿಸುವುದು ದೊಡ್ಡದಾಗಿರಲಿಲ್ಲ. ಮಾಯಿಸಲಿಲ್ಲ. ಗೋಡೆಯ ಮೇಲಿನ ಪಟದಲ್ಲೂ ಕೈಕಾಲುಗಳ ಗಾಯ ಹಾಗೆಯೇ ಇವೆ. ಕಿರಣಗಳನ್ನೇ ನೋಡುವ ನಮ್ಮ ಕಣ್ಣಿಗೆ ಅವು ಬೇಗ ಕಾಣುವುದಿಲ್ಲ. ಪೋಪ್ ದ್ವಿತೀಯ ಜಾನ್ ಪಾಲ್ ತಮ್ಮ ಕೊನೆಯ ಪಾಸ್ಕ ಹಬ್ಬದಂದು, 2005ರ ಮಾರ್ಚ್ 27ರಂದು, ಕಿಟಕಿಯ ಬಳಿ ಬಂದು ಆಶೀರ್ವಾದದ ಮಾತುಗಳನ್ನು ಹೇಳಲು ಯತ್ನಿಸಿ, ದನಿ ಹೊರಡದೆ, ಕೈಯಿಂದ ಶಿಲುಬೆಯ ಗುರುತನ್ನಷ್ಟೇ ಮಾಡಿದರು. ಆರು ದಿನಗಳ ಬಳಿಕ, ದೈವಕರುಣೆಯ ಭಾನುವಾರದ ಹಿಂದಿನ ರಾತ್ರಿ ಅವರು ದೈವಾಧೀನರಾದರು. ಎಷ್ಟೋ ದೇಶಗಳಲ್ಲಿ ಎಷ್ಟೋ ಭಾಷೆಗಳಲ್ಲಿ ಮಾತಾಡಿದ್ದ ಅವರ ಆ ಮಾತಿಲ್ಲದ ಆಶೀರ್ವಾದವನ್ನು, ಪಾರ್ಶ್ವವಾಯು ಬಡಿದು ನಾಲಿಗೆ ಕಳೆದುಕೊಂಡ ನಮ್ಮೂರಿನ ಒಬ್ಬ ಹಿರಿಯರು ಟೀವಿಯಲ್ಲಿ ನೋಡಿ, ಎಡಗೈ ಎತ್ತಿ ಶಿಲುಬೆಯ ಗುರುತು ಹಾಕಿಕೊಂಡದ್ದನ್ನು ಅವರ ಮನೆಯವರು ಇಂದಿಗೂ ಹೇಳುತ್ತಾರೆ.

ನಿವೃತ್ತಿಯ ಬಳಿಕ, ಧರ್ಮಕೇಂದ್ರದ ಗುರುಗಳ ಅಪ್ಪಣೆಯಂತೆ, ತಿಂಗಳ ಮೊದಲ ಶುಕ್ರವಾರ ರೋಗಿಗಳ ಮನೆಗಳಿಗೆ ಪರಮಪ್ರಸಾದವನ್ನು ಒಯ್ಯುವ ಸೇವೆ ನನ್ನ ಪಾಲಿಗೆ ಬಂದಿದೆ. ಈಗ ಹನ್ನೊಂದು ಮನೆಗಳಿವೆ. ಕಳೆದ ತಿಂಗಳು ಆ ಪಟ್ಟಿಗೆ ಹೊಸದಾಗಿ ಸೇರಿದವರು, ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನು ಕಳೆದುಕೊಂಡ ಮುದುಕರೊಬ್ಬರು. ಬಹಳ ಕಾಲ ಆಟೋ 'ಓಡಿಸಿ' ಸಂಸಾರ ಸಾಕಿದವರು. ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡೇ ಇದ್ದರು. ನಾನು ಏನನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕುಳಿತಿದ್ದು, ಎಂಬತ್ತೆಂಟನೆಯ ಕೀರ್ತನೆಯನ್ನು ಓದಿದೆ. ಮುಗಿದ ಮೇಲೂ ಅವರು ಮುಂದಿನ ಸಾಲಿಗೆ ಕಾಯುತ್ತಿದ್ದರು.

"ಇಷ್ಟೇನಾ?" ಎಂದರು.

"ಇಷ್ಟೇ."

"ಇದು ಬೈಬಲ್ಲಿನಲ್ಲೇ ಇದೆಯಾ?"

ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ತರಿಸಿಕೊಂಡು, ಬೆರಳಿಟ್ಟು ನಿಧಾನವಾಗಿ ತಾವೇ ಒಮ್ಮೆ ಓದಿಕೊಂಡರು. ಸೊಸೆಯನ್ನು ಕರೆದು ಆ ಪುಟಕ್ಕೊಂದು ಕಾಗದದ ಚೂರು ಇಡಿಸಿದರು. ಆಮೇಲೆ ನನ್ನ ಕಡೆಗೆ ತಿರುಗಿ ಪರಮಪ್ರಸಾದ ಸ್ವೀಕರಿಸಿದರು. ಕಾಫಿ ಕುಡಿಯದೆ ಹೋಗಕೂಡದೆಂದರು.